ಸಮಪಾಲಿನ ಮಣ್ಣು

ಮಾರ್ಚ್ ಎರಡನೇ ವಾರದ ಹೊತ್ತಿಗೆ ಸಿರಸಂಗಿ ಸೀಮೆಯ ಎರೆ ಹೊಲಗಳು ಕೈ ಇಳಿಯುವಷ್ಟು ಅಗಲ ಬಿರುಕು ಬಿಟ್ಟಿರುತ್ತವೆ. ಬಿರುಕಿನ ಹತ್ತಿರ ಮಣ್ಣಿನ ಮಾದರಿ ತೆಗೆಯಬಾರದು. ಮೇಲಿನ ಪುಡಿ ಮಣ್ಣು ಒಳಗೆ ಬಿದ್ದು ಕೆಳಗಿನದರ ಜೊತೆ ಬೆರೆತಿರುತ್ತದೆ. ಹಾಗಾಗಿ ನಾಗರತ್ನಾ ಪ್ರತಿ ಜಾಗದಲ್ಲೂ ಮೊಣಕಾಲೂರಿ, ಜೋಳದ ಒಣ ರವದಿ ಸರಿಸಿ, ಬಿರುಕಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಖಾಲಿದನಿಗೆ ಸನ್ನೆ ಮಾಡುತ್ತಿದ್ದಳು. ಅವನು ಕಬ್ಬಿಣದ ಕೊಳವೆ ನಿಲ್ಲಿಸಿ ಸುತ್ತಿಗೆಯಿಂದ ಬಡಿಯುತ್ತಿದ್ದ. ಖಾಲಿದ್ ಕಿತ್ತೂರಿನ ಬಾಡಿಗೆ ಜೀಪಿನ ಚಾಲಕ. ಕೊಳವೆ ಬಡಿಯುವುದು ಅವನ ಕೆಲಸವಲ್ಲ. ಆದರೂ ಮೂರು ವರ್ಷದಿಂದ ಅದನ್ನು ಅವನೇ ಮಾಡುತ್ತಿದ್ದ.

“ಇದು ಮಣ್ಣಲ್ರಿ ಮೇಡಂ, ಹೈವೇದ ಡಾಂಬರ ಐತಿ.”

“ಅರವತ್ತು ಸೆಂಟಿಮೀಟರ್ ತನಕ ಬೇಕಪಾ.”

“ಅಲ್ಲೀತನಕಾ ಹೋದ್ರ ಮಣ್ಣ ಹೊರಗ ಬರತೈತೋ, ನನ್ನ ರಟ್ಟಿ ಕಿತ್ತ ಬರತೈತೋ ನೋಡೂಣು.”

ಒಡ್ಡಿನ ಮೇಲೆ ನಿಂತಿದ್ದ ತಂಗೆವ್ವ ನಕ್ಕಳು. ಹೊಲ ಅವಳದು. ಅರವತ್ತು ದಾಟಿದ್ದರೂ ಮನೆಯಿಂದ ಮಜ್ಜಿಗೆ ತಂಬಿಗೆ ಹೊತ್ತು ನಡೆದೇ ಬಂದಿದ್ದಳು. ನಾಲ್ಕು ಎಕರೆ ಹೊಲವನ್ನು ನಡುವೆ ಅಡ್ಡಲಾಗಿ ಒಂದು ಕಲ್ಲಿನ ಒಡ್ಡು ಎರಡು ಸಮ ತುಂಡು ಮಾಡಿತ್ತು. ಒಂದು ಮೇಲಿನ ಹೊಲ, ಇನ್ನೊಂದು ಇಳಿಜಾರಿನಲ್ಲಿ ಅದರ ಕೆಳಗಿನ ಹೊಲ. ಏಳು ವರ್ಷದ ಹಿಂದೆ, ಈಗ ತೀರಿಹೋಗಿರುವ ಅವಳ ಗಂಡ ಮಡಿವಾಳೆಪ್ಪ ಈ ಜಮೀನನ್ನು ನಾಗರತ್ನಾಳ ಸಂಸ್ಥೆಯ ಪ್ರಯೋಗಕ್ಕೆ ಬಿಟ್ಟುಕೊಟ್ಟಿದ್ದ. ಕೆಳಗಿನ ಹೊಲದಲ್ಲಿ ನಾಲ್ಕು ವರ್ಷ ಗೊಬ್ಬರದ ಗಿಡವನ್ನು ಒತ್ತೊತ್ತಾಗಿ ಬೆಳೆಸಿದರು. ಆಮೇಲೆ ಕಡಿದು, ಸೊಪ್ಪನ್ನು ಮಣ್ಣಿಗೆ ಬಿಟ್ಟು, ಬೊಡ್ಡೆಗಳನ್ನು ಮಾತ್ರ ಅಗೆದು ತೆಗೆದು, ಬೇರುಗಳನ್ನು ಒಳಗೇ ಕೊಳೆಯಲು ಬಿಟ್ಟರು. ನಂತರದ ಮೂರು ವರ್ಷ ಅಲ್ಲಿ ಜೋಳ, ಕಡಲೆ, ಮತ್ತೆ ಜೋಳ. ಮೇಲಿನ ಹೊಲದಲ್ಲಿ ಏಳು ವರ್ಷವೂ ಬರೀ ಬೆಳೆ. ಮುಂದಿನ ಮಳೆಗಾಲಕ್ಕೆ ಅದಲುಬದಲು, ಗಿಡ ಮೇಲಕ್ಕೆ ಹೋಗಬೇಕು. ಹೀಗೆ ಗಿಡವನ್ನೂ ಬೆಳೆಯನ್ನೂ ಸರದಿಯಲ್ಲಿ ತಿರುಗಿಸಿದರೆ ಮಣ್ಣಿನ ಕಸುವು ಎಷ್ಟು ಏರುತ್ತದೆ, ಗಾಳಿಯಿಂದ ಗಿಡ ಹೀರಿದ ಇಂಗಾಲ ಮಣ್ಣಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಪ್ರಶ್ನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೇರಿ ಹನ್ನೊಂದು ಕಡೆ ಇಂಥ ಜೋಡಿ ಹೊಲಗಳಿದ್ದವು. ಎಲ್ಲಕ್ಕಿಂತ ಅಚ್ಚುಕಟ್ಟಾದ್ದು ಇದೇ ಎಂದು ನಾಗರತ್ನಾ ನಂಬಿದ್ದಳು.

ತಂಗೆವ್ವ ಎರಡೂ ಹೊಲದಿಂದ ಒಂದೊಂದು ಹೆಂಟೆ ಎತ್ತಿಕೊಂಡು ಎರಡು ಅಂಗೈಯಲ್ಲಿ ತೂಗಿ ನೋಡಿದಳು.

“ಬಾಯಾರ, ಯಾವುದ ಜಡ ಐತಿ ಅಂತ ನಿಮ್ಮ ಮಿಷನ್ ಯಾವಾಗ ಹೇಳತೈತ್ರಿ?”

“ಹತ್ತ ದಿನ ಬೇಕ್ರಿ ಅವ್ವಾರ. ಯಾಕ್ರಿ, ಅವಸರ ಐತೇನು?”

“ಯುಗಾದಿ ಪಾಡ್ಯಾದ ದಿನ ಪಾಲ ಮಾಡಾಕಿ ಅದೇನಿ. ಬಾಳೇಶಗ ಒಂದ ತುಂಡು, ಲಕ್ಷ್ಮಣಗ ಒಂದ ತುಂಡು. ಚೀಟಿ ಎತ್ತಸತೇನಿ. ಎತ್ತೂಕಿಂತ ಮೊದಲ ಎರಡೂ ಬರೋಬ್ಬರಿ ಅದಾವಂತ ನನಗ ಗೊತ್ತಾಗಬೇಕು. ನಾಳೆ ಒಬ್ಬಂವ ಬಂದು, ಯವ್ವಾ ನನಗ ಬಡವಿ ಹೊಲ ಕೊಟ್ಟಿ ಅನಬಾರದು.”

“ಅವರು ಹಂಗ ಅನ್ನೂ ಮಂದಿ ಅಲ್ಲಲ್ರಿ.”

“ಇವತ್ತ ಅಲ್ಲ. ಮುಂದ ಸೊಸಿಗೋಳ ಅದಾರ, ಮೊಮ್ಮಕ್ಕಳ ಅದಾರ. ನನ್ನ ಮಕ್ಕಳ ಅಪ್ಪಾ ಮತ್ತ ಅವರ ಕಾಕಾ ಒಂದ ಹೊಲದ ತೆವರಿನ ಸಂಬಂಧ ಹನ್ನೆರಡ ವರ್ಷ ಮಾತ ಬಿಟ್ಟಿದ್ರು. ನಾ ಮದುವಿ ಆಗಿ ಬಂದಾಗ ನಮ್ಮ ಮನ್ಯಾಗ ನೋಡಿದ್ದು ಮೊದಲ ಅದನ್ನ.”

ಹೆಂಟೆಗಳನ್ನು ಅವಳು ಎಲ್ಲಿಂದ ಎತ್ತಿದ್ದಳೋ ಅಲ್ಲಿಗೇ ಒಯ್ದು ಇಟ್ಟಳು. ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ.

ನಾಗರತ್ನಾಳಿಗೆ ಒಳಗೊಳಗೇ ಕಸಿವಿಸಿಯಾಯಿತು. ಪ್ರಯೋಗ ಅಂದುಕೊಂಡಂತೆ ನಡೆದಿದ್ದರೆ ಎರಡು ಹೊಲ ಸಮ ಇರಲಾರವು, ಇರಲೂಬಾರದು. ಜೊತೆಗೆ ಪಾಲಾದ ಮೇಲೆ ಮೇಲಿನ ಹೊಲ ಯಾರಿಗೆ ಬರುತ್ತದೋ ಅವರು ತಮ್ಮ ಜೋಳವನ್ನು ನಾಲ್ಕು ವರ್ಷ ಬಿಟ್ಟು ಗಿಡ ಹಚ್ಚುತ್ತಾರೆ ಎಂಬ ಭರವಸೆಯೂ ಇರಲಿಲ್ಲ. ಅದನ್ನೆಲ್ಲ ಆಗ ಹೇಳಲಿಲ್ಲ. ಫಲಿತಾಂಶ ಬಂದ ಕೂಡಲೇ ತಿಳಿಸುತ್ತೇನೆ ಎಂದಷ್ಟೇ ಮಾತು ಕೊಟ್ಟಳು.

ಬೈಲಹೊಂಗಲದ ಪ್ರಯೋಗಾಲಯ ಎಂದರೆ ಎರಡು ಕೋಣೆ, ಮಾದರಿ ಒಣಗಿಸುವ ಒಂದು ವಿದ್ಯುತ್ ಒಲೆಪೆಟ್ಟಿಗೆ, ಒಂದು ತಕ್ಕಡಿ. ಎರೆ ಮಣ್ಣು ಒಣಗಿದರೆ ಕಲ್ಲಿನಂತಾಗುತ್ತದೆ. ಕೆಳಪದರದ್ದಂತೂ ಕುಟ್ಟಿ ಪುಡಿ ಮಾಡಲು ದಿನಗಳೇ ಬೇಕು. ಹಾಗಾಗಿ ಮೊದಲು ಮೇಲಿನ ಹದಿನೈದು ಸೆಂಟಿಮೀಟರಿನ ಮಾದರಿಗಳ ಪರೀಕ್ಷೆ ಮುಗಿಯಿತು. ಏಳು ವರ್ಷದ ಹಿಂದೆ ಎರಡೂ ಹೊಲಗಳಲ್ಲಿ ಸಾವಯವ ಇಂಗಾಲ ನೂರಕ್ಕೆ 0.46 ಇತ್ತು. ಈಗ ಗಿಡ ಬೆಳೆದಿದ್ದ ಕೆಳಗಿನ ಹೊಲದಲ್ಲಿ 0.61. ನಿರೀಕ್ಷೆಯಂತೆಯೇ ಇತ್ತು. ಗಿಡವೇ ಇರದ ಮೇಲಿನ ಹೊಲದಲ್ಲಿ 0.62.

ಅವಳು ಪರೀಕ್ಷೆಯನ್ನು ಮತ್ತೆ ಮಾಡಿದಳು. ಚೀಲಗಳ ಮೇಲಿನ ಚೀಟಿ ಅದಲುಬದಲಾಗಿದೆಯೇ ಎಂದು ಹೊಲದಲ್ಲಿ ತೆಗೆದ ಫೋಟೋಗಳ ಜೊತೆ ತಾಳೆ ನೋಡಿದಳು. ಆಗಿರಲಿಲ್ಲ. ಮಾತು ಕೊಟ್ಟಿದ್ದರಿಂದ ತಂಗೆವ್ವನಿಗೆ ಫೋನು ಮಾಡಿದಳು.

“ಮೇಲಿನ ಪದರದಾಗ ಎರಡೂ ಹೊಲ ಹೆಚ್ಚೂಕಡಿಮಿ ಸಮ ಅದಾವ್ರಿ ಅವ್ವಾರ. ಕೆಳಗಿನ ಪದರದ್ದು ಇನ್ನೂ ಬರೋದೈತಿ.”

“ಸಮ ಅದಾವಲ್ಲ? ಆತು ತಗೀರಿ, ನನ್ನ ಹೊಟ್ಟ್ಯಾಗ ತಂಪ ಹಾಕಿದ್ರಿ. ಪಾಡ್ಯಾದ ದಿನ ಊಟಕ್ಕ ಬರ್ರಿ.”

ಎರಡನೆಯ ವಾಕ್ಯ ಆ ಕಡೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಉಳಿದ ಹತ್ತು ಜಾಗಗಳಲ್ಲಿ ಗಿಡವಿಲ್ಲದ ಹೊಲದ ಇಂಗಾಲ ಇದ್ದಲ್ಲೇ ಇತ್ತು, ಇಲ್ಲವೇ ತುಸು ಇಳಿದಿತ್ತು. ರಾಮದುರ್ಗ ಕಡೆಯ ತೊರಗಲ್ಲಿನ ಕಲ್ಲುಮಿಶ್ರಿತ ಗರಸು ನೆಲದಲ್ಲೂ ಹಾಗೆಯೇ. ಸಿರಸಂಗಿಯ ಈ ಒಂದು ತುಂಡು ಮಾತ್ರ ಏರಿತ್ತು. ಪೊಟ್ಯಾಷ್ ಅಂಶವೂ ಏರಿತ್ತು, ಅದೂ ಕೆಳಗಿನ ಹೊಲಕ್ಕಿಂತ ಜಾಸ್ತಿ. ಗಿಡದ ಸೊಪ್ಪು ಕಂಡೇ ಇರದ ಮಣ್ಣಿಗೆ ಅದು ಎಲ್ಲಿಂದ ಬಂತು? ಅವಳು ಮೇಲಿನ ಹೊಲದ ಮಾದರಿಗಳನ್ನು ಸೋಸಿದಾಗ ಜರಡಿಯಲ್ಲಿ ಉಳಿದಿದ್ದ ಕಸವನ್ನು ಎಸೆದಿರಲಿಲ್ಲ. ಎಸೆಯುವ ಅಭ್ಯಾಸವೇ ಅವಳಿಗಿರಲಿಲ್ಲ. ಬಿಳಿ ಹಾಳೆಯ ಮೇಲೆ ಸುರುವಿ ಚಿಮುಟದಿಂದ ಬೇರ್ಪಡಿಸಿದಳು. ಸುಣ್ಣದ ಹರಳು, ಜೋಳದ ಬೇರು, ಬಸವನಹುಳುವಿನ ಚಿಪ್ಪಿನ ಚೂರು. ಆಮೇಲೆ ಒಂದು ಕರಿ ಎಳೆ. ಬೇರೆಂದುಕೊಂಡು ದೀಪದ ಹತ್ತಿರ ಹಿಡಿದಳು. ಗುಂಗುರಾಗಿತ್ತು. ಉಣ್ಣೆ. ಹನ್ನೆರಡು ಮಾದರಿಗಳ ಕಸದಲ್ಲಿ ಒಂಬತ್ತರಲ್ಲಿ ಅದಿತ್ತು.

ಅದೇ ವಾರದಲ್ಲಿ ಕೆಳಪದರದ ಫಲಿತಾಂಶವೂ ಬಂತು. ಮೂವತ್ತರಿಂದ ಅರವತ್ತು ಸೆಂಟಿಮೀಟರ್ ಆಳದಲ್ಲಿ ಮೇಲಿನ ಹೊಲದ್ದು 0.38, ಕೆಳಗಿನದು 0.51. ಪಾಡ್ಯಕ್ಕೆ ಎರಡು ದಿನ ಉಳಿದಿತ್ತು.

ಸವದತ್ತಿ ರಸ್ತೆಯಲ್ಲಿ ಹೋಗುವಾಗ ಅವಳು ಉಣ್ಣೆಯ ಸಂಗತಿ ಹೇಳಿದಳು. ಖಾಲಿದ್ ಗೇರು ಬದಲಿಸುತ್ತ, “ಕುರಿ ಕೂದಲಾ ನಾ ಹ್ವಾದ ವರ್ಷಾನ ನೋಡೇನ್ರಿ, ಮ್ಯಾಲಿನ ಹೊಲದಾಗ. ಹಿಕ್ಕಿನೂ ಇತ್ತು,” ಎಂದ.

“ಮತ್ತ ಹೇಳಲಿಲ್ಲ?”

“ನೀವು ಕೊಳವಿ ಬಡಿ ಅಂದ್ರಿ, ಬಡದೆ. ಕುರಿ ಹುಡಕು ಅನ್ನಲಿಲ್ಲ.”

ತಂಗೆವ್ವನ ಮನೆಯ ಕಟ್ಟೆಯ ಮೇಲೆ ಇಬ್ಬರು ಮಕ್ಕಳೂ ಇದ್ದರು. ಹಿರಿಯ ಬಾಳೇಶ ಬಿತ್ತುವ ಕೂರಿಗೆಯ ತಾಳುಗಳನ್ನು ಬಿಚ್ಚಿ ಎಣ್ಣೆ ಹಚ್ಚುತ್ತಿದ್ದ. ಕಿರಿಯ ಲಕ್ಷ್ಮಣ ಗೋಡೆಗೆ ಒರಗಿ ಅವನಿಗೆ ಸಲಹೆ ಕೊಡುತ್ತಿದ್ದ. ಚಹಾ ಬಂತು. ನಾಗರತ್ನಾ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿದ್ದ ಉಣ್ಣೆಯನ್ನು ತಂಗೆವ್ವನ ಮುಂದಿಟ್ಟಳು.

“ಮೇಲಿನ ಹೊಲದಾಗ ಕುರಿ ನಿಲ್ಲಸತೀರೇನ್ರಿ ಅವ್ವಾರ?”

“ಹೌದ್ರಿ,” ತಂಗೆವ್ವ ಮುಚ್ಚಿಡುವ ಪ್ರಯತ್ನವನ್ನೇ ಮಾಡಲಿಲ್ಲ. “ರಾಮದುರ್ಗದ ಕಡಿಂದ ಕುರಿ ಕಾಯೂ ದುರ್ಗಪ್ಪ ತರತಾನ. ರಾಶಿ ಆದ ಮ್ಯಾಲೆ, ವರ್ಷಾ ಹನ್ನೊಂದ ದಿನ. ದಿನಾ ಜಾಗಾ ಸರಿಸಿ ಸರಿಸಿ ಹಟ್ಟಿ ಹಾಕಸತೇನಿ, ಒಂದ ಮೂಲಿನೂ ಬಿಡೂದಿಲ್ಲ.”

“ಯಾವಾಗಿಂದ್ರಿ?”

“ಕೆಳಗ ಗಿಡಾ ಹಚ್ಚಿದ ವರ್ಷದಿಂದ.”

“ಕೆಳಗಿನ ಹೊಲದಾಗ?”

“ಅದಕ್ಯಾಕ್ರಿ? ಅದಕ್ಕ ಗಿಡಾ ಇದ್ದೂವಲ್ಲ.” ಅವಳು ಸೆರಗಿನಿಂದ ಬಟ್ಟಲಿನ ಅಂಚು ಒರೆಸಿದಳು. “ಎರಡೂ ಹೊಲಾ ಎರಡು ಮಕ್ಕಳ ಪಾಲಿಂದು. ಒಂದರ ಬಾಯಾಗ ವರ್ಷಪೂರ್ತಿ ಸೊಪ್ಪ ಬೀಳಾಕತ್ತೈತಿ. ಇನ್ನೊಂದು ಬಾಯಿ ತಕ್ಕೊಂಡ ಮ್ಯಾಲಿಂದ ನೋಡಾಕತ್ತೈತಿ. ಹೆತ್ತಾಕಿ ಹೆಂಗ ಸುಮ್ನ ಕುಂದರಬೇಕು? ನಮ್ಮ ಯಜಮಾನರಿಗೂ ಗೊತ್ತಿತ್ತು. ನಿಮಗಿಂತ ಮೊದಲ ಬರತಿದ್ದ ಸಾಹೇಬರಿಗೆ ಹೇಳೂಣೇನ್ರಿ ಅಂದೆ. ಕೇಳಿದ್ರ ಹೇಳೂಣು ಅಂದ್ರು. ಯಾರೂ ಕೇಳಲಿಲ್ಲ.”

ಯಾರೂ ಕೇಳಿರಲಿಲ್ಲ, ಅದು ನಿಜ. ನಾಗರತ್ನಾ ಚೀಲದಿಂದ ರಿಜಿಸ್ಟರು ತೆಗೆದು ನೋಡಿದಳು. ಯೂರಿಯಾ ಎಷ್ಟು, ಡಿಎಪಿ ಎಷ್ಟು, ತಿಪ್ಪೆಗೊಬ್ಬರ ಎಷ್ಟು ಗಾಡಿ, ಎರೆಹುಳು ಗೊಬ್ಬರ ಎಷ್ಟು ಚೀಲ. ಏಳು ವರ್ಷವೂ ಮೇಲಿನ ಹೊಲದ ಸಾಲಿನಲ್ಲಿ ‘ಇಲ್ಲ’ ಎಂದಿತ್ತು, ಕೆಳಗೆ ಮಡಿವಾಳೆಪ್ಪನ ಸಹಿ, ಆಮೇಲೆ ತಂಗೆವ್ವನ ಸಹಿ. ಕುರಿಗೆ ಅಂಕಣವೇ ಇರಲಿಲ್ಲ. ಕೊನೆಯ ಮೂರು ವರ್ಷದ ನಮೂನೆಯನ್ನು ಅಚ್ಚು ಹಾಕಿಸಿದ್ದು ಅವಳೇ. ಹೊಲಕ್ಕೆ ಅವರು ಬರುತ್ತಿದ್ದುದು ಬೆಳೆ ನಿಂತಿರುವಾಗ ಅಥವಾ ಕೊಯ್ಲಿನ ಬೆನ್ನಿಗೆ. ಕುರಿ ಬರುತ್ತಿದ್ದುದು ಏಪ್ರಿಲಿನಲ್ಲಿ, ಎಲ್ಲರೂ ಹೋದ ಮೇಲೆ. ಹಿಕ್ಕೆ, ಗಂಜಲ ಮಣ್ಣಿಗೆ ಬೀಳಲೆಂದು ರಾತ್ರಿ ಹೊಲದಲ್ಲಿ ಕುರಿ ಹಟ್ಟಿ ಹಾಕಿಸುವುದು ಇಲ್ಲಿ ಎಲ್ಲರಿಗೂ ಗೊತ್ತು. ಅವಳ ಸ್ವಂತ ಅಜ್ಜನೂ ಹಾಕಿಸುತ್ತಿದ್ದ. ಆದರೂ ನಮೂನೆ ಬರೆಯುವಾಗ ಅದು ನೆನಪಿಗೆ ಬಂದಿರಲಿಲ್ಲ.

“ತಪ್ಪಾತೇನ್ರಿ?” ತಂಗೆವ್ವ ಕೇಳಿದಳು.

“ನಿಮ್ಮದಲ್ರಿ. ಗಿಡದ ಹೊಲಾನ ಗಿಡ ಇಲ್ಲದ ಹೊಲಕ್ಕ ಹೋಲಿಸಬೇಕಿತ್ತು. ನಾವು ಗಿಡಕ್ಕ ಕುರಿ ಹೋಲಿಸೇವಿ.”

“ಯಾರ ಗೆದ್ರಿ?” ಎಂದ ಲಕ್ಷ್ಮಣ.

ನಾಗರತ್ನಾ ರಿಜಿಸ್ಟರು ಮುಚ್ಚಿ ಚೀಲಕ್ಕೆ ಹಾಕಿದಳು. ತಂಗೆವ್ವ ಕಟ್ಟೆಯ ಗೂಡಿನಲ್ಲಿ ಒಂದು ತಾಮ್ರದ ತಂಬಿಗೆ ತೊಳೆದು ಬೋರಲು ಹಾಕಿದ್ದಳು. ಚೀಟಿ ಎತ್ತಲು ಸಿದ್ಧ ಮಾಡಿದ್ದು. ಕೆಳಪದರದ ಅಂಕಿಗಳು ಬೇರೆ ಯಾರಿಗೂ ಗೊತ್ತಿರಲಿಲ್ಲ. ಹೇಳದಿದ್ದರೆ ಪಾಡ್ಯದ ದಿನ ಎಲ್ಲ ಸುಸೂತ್ರ ಮುಗಿಯುತ್ತಿತ್ತು. ಆದರೆ ಮಳೆ ಕೈಕೊಟ್ಟ ಮೊದಲ ವರ್ಷವೇ ಒಡ್ಡಿನ ಮೇಲೊಂದು ಬಣ್ಣ, ಕೆಳಗೊಂದು ಬಣ್ಣದ ಜೋಳ ನಿಲ್ಲುತ್ತದೆ. ಆಗ ಅದನ್ನು ಓದಲು ಪ್ರಯೋಗಾಲಯ ಬೇಕಿಲ್ಲ.

“ಮೇಲಿನ ಗೇಣು ಮಣ್ಣಿನಾಗ ಇಬ್ಬರೂ ಸಮ,” ಎಂದಳು. “ಆದ್ರ ಅದರ ಕೆಳಗ ಸಮ ಇಲ್ರಿ. ಕುರಿ ಗೊಬ್ಬರ ನೇಗಿಲಾ ಹೋಗೂ ಆಳದ ತನಕಾ ಇಳೀತೈತಿ, ಅಷ್ಟ. ಗಿಡದ ಬೇರು ಎರಡ ಮೊಳಾ ಕೆಳಗ ಹೋಗಿ ಅಲ್ಲೇ ಕೊಳತಾವ. ಅಲ್ಲಿ ಸೇರಿದ ಇಂಗಾಲ ಬಿಸಲಿಗೆ ಸುಡೂದಿಲ್ಲ, ಉತ್ರೂ ಮೇಲೆ ಬರೂದಿಲ್ಲ. ಬಾಳ ವರ್ಷ ಉಳೀತೈತಿ, ನೀರ ಹಿಡೀತೈತಿ. ಕುರಿದು ವರ್ಷಾ ಹಾಕಿಸಿದ್ರ ಇರತೈತಿ, ಬಿಟ್ರ ಎರಡ ಮೂರ ವರ್ಷಕ್ಕ ಇಳೀತೈತಿ. ಕೆಳಗಿನ ಹೊಲಾ ಹೆಚ್ಚಿಂದ್ರಿ ಅವ್ವಾರ.”

ಬಾಳೇಶನ ಕೈ ಕೂರಿಗೆಯ ಮೇಲೆ ನಿಂತಿತು. ಲಕ್ಷ್ಮಣ ಗೋಡೆ ಬಿಟ್ಟು ನೆಟ್ಟಗೆ ಕೂತ. ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡಲಿಲ್ಲ. ಇಷ್ಟು ಹೊತ್ತು ಯಾವ ತುಂಡು ಬಂದರೂ ನಡೆಯುತ್ತದೆ ಎಂಬಂತೆ ಕೂತಿದ್ದವರ ನಡುವೆ ಈಗ ಒಂದು ಒಳ್ಳೆಯ ತುಂಡು, ಒಂದು ಕಡಿಮೆಯ ತುಂಡು ಬಂದು ಕೂತಿದ್ದವು. ತಂಗೆವ್ವ ಅವರಿಬ್ಬರ ಮುಖವನ್ನು ನೋಡಿದಳು, ಆಮೇಲೆ ತಂಬಿಗೆಯನ್ನು.

“ಹಂಗಾರ ಒಡ್ಡ ಕಿತ್ತ ಹಾಕೂಣು,” ಎಂದ ಲಕ್ಷ್ಮಣ. “ಮ್ಯಾಲಿಂದ ಕೆಳಗ ಉದ್ದಕ್ಕ ಸೀಳೂಣು. ಇಬ್ಬರಿಗೂ ಅರ್ಧ ಕುರಿ, ಅರ್ಧ ಗಿಡಾ.”

“ಶ್ಯಾಣ್ಯಾ,” ಬಾಳೇಶ ತಲೆ ಎತ್ತದೆಯೇ ಹೇಳಿದ. “ಅಷ್ಟ ಸಣ್ಣ ಪಟ್ಟ್ಯಾಗ ಕೂರಿಗಿ ಅಡ್ಡ ಹೆಂಗ ತಿರುಗಸ್ತಿ? ಇಳಕಲಿಗೇ ಬಿತ್ತಬೇಕಾಗತೈತಿ. ಒಂದ ದೊಡ್ಡ ಮಳಿ ಬಂತಂದ್ರ ಬಾಯಾರ ಎಣಿಸಿಟ್ಟದ್ದೆಲ್ಲಾ ಹಳ್ಳಕ್ಕ.”

ಖಾಲಿದ್ ಜೀಪಿನ ಬಾಗಿಲಿಗೆ ಒರಗಿದ್ದವನು, “ಆ ಕಡೆ ಹಳ್ಳದ ಮಣ್ಣಿನ ಸ್ಯಾಂಪಲ್ ತಗೊಂಡ್ರಾತು,” ಎಂದ. ಯಾರೂ ನಗಲಿಲ್ಲ.

“ಒಡ್ಡ ಯಾರೂ ಮುಟ್ಟೂದಿಲ್ಲ,” ತಂಗೆವ್ವ ಹೇಳಿದಳು. “ನಿಮ್ಮಪ್ಪ ಮತ್ತ ನಾನು ಒಂದ ಬ್ಯಾಸಗಿ ಪೂರ್ತಿ ಕಲ್ಲ ಹೊತ್ತ ಹಾಕೇವಿ.” ಅವಳು ಗೂಡಿನ ತಂಬಿಗೆಯನ್ನು ಸರಿಸಿ ಇಟ್ಟಳು. ಒಳಗಿನಿಂದ ಹಿಟ್ಟು ನಾದುವ ಸದ್ದು ಬರುತ್ತಿತ್ತು. ಆಮೇಲೆ ನಾಗರತ್ನಾಳ ಕಡೆ ತಿರುಗಿದಳು. “ಬಾಯಾರ, ಗಿಡಾ ಮ್ಯಾಲಿನ ಹೊಲಕ್ಕ ಹ್ವಾದ್ರ ಅದೂ ಕೆಳಗಿಂದರ ಸಮ ಆಗತೈತೇನ್ರಿ? ಎರಡ ಮೊಳದ ತನಕಾ?”

“ನಾಲ್ಕು ವರ್ಷ ಗಿಡ, ಮೂರ ವರ್ಷ ಬೆಳಿ ಆದ ಮೇಲೆ ಸಮೀಪ ಬರಬೇಕ್ರಿ. ಪಕ್ಕಾ ಅಂತ ಹೇಳಾಕ ಬರೂದಿಲ್ಲ. ಅಳದು ನೋಡಿ ಹೇಳತೇನಿ.”

“ಅಷ್ಟ ಸಾಕು.” ಅವಳು ಮಕ್ಕಳಿಗೆ ಹೇಳತೊಡಗಿದಳು. “ಕೆಳಗ ಗಿಡಾ ಇದ್ದಾಗ ನಾಕ ವರ್ಷ ಏನ ತಿಂದ್ರಿ? ಮ್ಯಾಲಿನ ಹೊಲದ ಜ್ವಾಳಾ. ಇಬ್ಬರೂ ತಿಂದ್ರಿ, ಯಾರ ಪಾಲಿಂದಂತ ಯಾರೂ ಕೇಳಲಿಲ್ಲ. ಈಗ ಮ್ಯಾಲ ಗಿಡಾ ಬರತೈತಿ. ಕೆಳಗಿನ ಹೊಲಾ ಎತ್ತಿದಂವ ನಾಕ ವರ್ಷ ತನ್ನ ಜ್ವಾಳದಾಗ ಅರ್ಧಾ ಮ್ಯಾಲಿನವಗ ಕೊಡಬೇಕು. ಗಿಡಾ ಕಡದ ಮ್ಯಾಲೆ ಅವರವರ ಹೊಲಾ ಅವರವರಿಗೆ. ಒಲ್ಲೆ ಅನ್ನಂವ ಇಲ್ಲೇ ಹೇಳ್ರಿ, ಚೀಟಿ ಹಾಕೂದಿಲ್ಲ.”

“ಅಂದ್ರ ಪಾಲ ಆದಂಗೂ ಆತು, ಆಗಲಾರದಂಗೂ ಆತು,” ಎಂದ ಲಕ್ಷ್ಮಣ.

“ಕಟಿಗಿ?” ಎಂದ ಬಾಳೇಶ. “ಗಿಡದ ಕಟಿಗಿ ಯಾರದು?”

“ಕೆಳಗಿನ ಕಟಿಗಿ ಎಲ್ಲಿ ಹೋತು? ಈ ಮನಿ ಒಲಿಗೆ. ಅದೂ ಇಬ್ಬರಿಗೂ.”

ಬಾಳೇಶ ತಾಳೊಂದನ್ನು ಎತ್ತಿ ಬೆಳಕಿಗೆ ಹಿಡಿದು, ಸಾಪಾಗಿದೆಯೇ ಎಂದು ನೋಡಿದ. “ನನಗ ಕೆಳಗಿಂದ ಬಂದ್ರ ಇಂವಗ ನಾಕ ವರ್ಷ ಕೂಳ ಹಾಕಬೇಕಂಗಾತು.”

“ನನಗ ಬಂದ್ರ ನಿನಗ ನಾ ಹಾಕತೇನಿ,” ಎಂದ ಲಕ್ಷ್ಮಣ. “ಅಳತಿ ಮಾಡೂದ ಮಾತ್ರ ಯವ್ವನ ಕೈಯಾಗ. ನಿನ್ನ ಕೈ ಉದ್ದ ಐತಿ.”

“ನಿನ್ನ ಬಾಯಿ ಉದ್ದ ಐತಿ.”

ತಂಗೆವ್ವ ಖಾಲಿ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಾತು ಮುಗಿದಿತ್ತು.

ಪಾಡ್ಯದ ದಿನ ಬೇವು-ಬೆಲ್ಲ ತಿಂದ ಮೇಲೆ ಚೀಟಿ ಎತ್ತಿದರು. ಮೇಲಿನ ಹೊಲ ಲಕ್ಷ್ಮಣನಿಗೆ ಬಂತು, ಕೆಳಗಿನದು ಬಾಳೇಶನಿಗೆ. ನಾಗರತ್ನಾ ಊಟಕ್ಕೆ ಹೋಗಿದ್ದಳು. ಹೋಳಿಗೆ ಬಡಿಸುತ್ತ ತಂಗೆವ್ವ ಇಬ್ಬರು ಮಕ್ಕಳ ತಾಟಿಗೂ ಎಣಿಸಿ ಮೂರು ಮೂರು ಹಾಕಿದಳು.

ವರದಿ ಬರೆಯುವಾಗ ಅವಳು ಸಿರಸಂಗಿಯ ಜೋಡಿಯನ್ನು ಮುಖ್ಯ ಕೋಷ್ಟಕದಿಂದ ತೆಗೆದಳು. ಹನ್ನೊಂದು ಇದ್ದದ್ದು ಹತ್ತಾಯಿತು. ಯಾಕೆ ತೆಗೆದಳು ಎಂಬುದಕ್ಕೆ ಅರ್ಧ ಪುಟ ಬರೆದಳು: ಹೋಲಿಕೆಗೆಂದು ಇಟ್ಟ ಹೊಲದಲ್ಲಿ ಏಳು ವರ್ಷ ಕುರಿ ಹಟ್ಟಿ ಹಾಕಿಸಲಾಗಿದೆ, ನಮೂನೆಯಲ್ಲಿ ಅದನ್ನು ಕೇಳಿರಲಿಲ್ಲ, ಉಳಿದ ಹತ್ತು ಕಡೆ ವಿಚಾರಿಸಿ ಖಚಿತಪಡಿಸಿಕೊಳ್ಳಲಾಗಿದೆ. ಆ ಅರ್ಧ ಪುಟದ ಕೊನೆಗೆ ಎರಡೂ ಹೊಲದ ಕೆಳಪದರದ ಅಂಕಿಗಳನ್ನು ಕೊಟ್ಟಳು. ಮೇಲಿನ ಪದರ ಸಮವಿದ್ದರೂ ಕೆಳಗಿನದು ಬೇರೆಯಾಗಿದೆ ಎಂಬುದನ್ನು ಉಳಿದ ಹತ್ತರಲ್ಲಿ ಯಾವುದೂ ಇಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ. ಹೊಸ ನಮೂನೆಯಲ್ಲಿ ಒಂದು ಅಂಕಣ ಸೇರಿಸಿದಳು: ಕುರಿ ಎಷ್ಟು, ಎಷ್ಟು ದಿನ, ಯಾವ ಹೊಲ.

ಏಪ್ರಿಲ್ ಕೊನೆಯ ವಾರದಲ್ಲಿ ತಂಗೆವ್ವನ ಫೋನು ಬಂತು. ಹಿಂದಿನಿಂದ ಕುರಿಗಳ ಸದ್ದು, ಯಾರೋ ನಾಯಿಗೆ ಗದರಿಸುತ್ತಿದ್ದುದು ಕೇಳುತ್ತಿತ್ತು.

“ಬಾಯಾರ, ದುರ್ಗಪ್ಪ ಬಂದಾನ. ಪ್ರತಿ ವರ್ಷದಂಗ ಕುರೀನ ಮ್ಯಾಲಿನ ಹೊಲಕ್ಕ ಹೊಡಕೊಂಡ ಹೊಂಟಿದ್ದ. ನಾ ಒಡ್ಡಿನ ಮ್ಯಾಲೆ ನಿಂತ ತಿರುಗಿಸಿದೆ.”

“ಯಾಕ್ರಿ ಅವ್ವಾರ?”

“ಮ್ಯಾಲಿನ ಹೊಲಕ್ಕ ಇನ್ನ ಗಿಡಾ ಬರತಾವಲ್ರಿ. ಕೆಳಗಿಂದ ಬಾಯಿ ತಕ್ಕೊಂಡ ಏನ ಮಾಡಬೇಕು?”

ನಾಗರತ್ನಾ ರಿಜಿಸ್ಟರನ್ನು ಹತ್ತಿರಕ್ಕೆ ಎಳೆದುಕೊಂಡಳು. ಈಗಾಗಲೇ ಕಸುವಿರುವ ಹೊಲಕ್ಕೆ ಕುರಿ ಬೇಡವೆನ್ನಬಹುದಿತ್ತು, ಪ್ರಯೋಗ ಮತ್ತೆ ಕೆಡುತ್ತದೆ ಎನ್ನಬಹುದಿತ್ತು. ಹೇಳಿದರೆ ತಂಗೆವ್ವ ಕೇಳುತ್ತಿದ್ದಳೋ ಏನೋ. ಕೇಳಿದರೂ ಒಂದಲ್ಲ ಒಂದು ದಿನ ಒಂದು ಗಾಡಿ ತಿಪ್ಪೆಗೊಬ್ಬರ ಕೆಳಗಿನ ಹೊಲಕ್ಕೆ ಇಳಿಯುತ್ತಿತ್ತು.

“ಕೇಳಾಕತ್ತೀರೇನ್ರಿ?” ತಂಗೆವ್ವ ಕರೆದಳು. “ಈ ಸಲ ನೀವು ಕೇಳೂಕಿಂತ ಮೊದಲ ಹೇಳಾಕತ್ತೇನಿ. ಬರಕೋರಿ. ಕುರಿ ಮುನ್ನೂರ ನಲವತ್ತು. ಹನ್ನೊಂದ ದಿನ. ಕೆಳಗಿನ ಹೊಲಾ.”

ನಾಗರತ್ನಾ ರಿಜಿಸ್ಟರು ತೆರೆದಳು, ಹೊಸ ಅಂಕಣದಲ್ಲಿ ಮೊದಲ ಸಾಲು ಬರೆದಳು, ಬರೆದದ್ದನ್ನು ಅವಳಿಗೆ ಓದಿ ಹೇಳಿದಳು.

“ಬರೋಬ್ಬರಿ ಐತಿ,” ಎಂದಳು ತಂಗೆವ್ವ.